ಹನ್ನೊಂದು ಥಟ್ಟನೆ

ಕಳೆದ ಮಳೆಗಾಲದಲ್ಲಿ ಮಕ್ಕಳ ಕತೆಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಕೊಡುವ ಕೆಲಸ ಬಂತು. ಹದಿನಾರು ಪುಟ, ಪುಟಕ್ಕೆ ನಾಲ್ಕೈದು ಸಾಲು. ಒಂದು ಅಳಿಲು, ಒಂದು ಹಲ್ಲಿ, ಒಂದು ಮುದಿ ಬೆಕ್ಕು, ಒಂದು ಚಿಟ್ಟೆ, ಅಷ್ಟೇ ಪಾತ್ರಗಳು. ಎರಡೇ ದಿನದಲ್ಲಿ ಮುಗಿಸಿ ಕಳಿಸಿಬಿಟ್ಟೆ. ಮೂರನೇ ದಿನ ಪ್ರಕಾಶನದ ಸಂಪಾದಕರು ಫೋನ್ ಮಾಡಿದರು. "ಮೇಡಂ, ಒಂದ್ಸಲ ಜೋರಾಗಿ ಓದಿ ನೋಡ್ತೀರಾ? ಹನ್ನೊಂದು ಕಡೆ 'ಥಟ್ಟನೆ' ಬಂದಿದೆ."

ಓದಿ ನೋಡಿದೆ. ನಿಜ. ಅಳಿಲು ಥಟ್ಟನೆ ಓಡಿತ್ತು. ಹಲ್ಲಿ ಥಟ್ಟನೆ ನಾಲಿಗೆ ಚಾಚಿತ್ತು. ಬೆಕ್ಕು ಥಟ್ಟನೆ ಕಿವಿ ಅಲ್ಲಾಡಿಸಿತ್ತು, ಥಟ್ಟನೆ ನಿದ್ದೆಯಿಂದ ಎದ್ದಿತ್ತು, ಥಟ್ಟನೆ ಹಿಂದೆ ಸರಿದಿತ್ತು. ಇಂಗ್ಲಿಷಿನಲ್ಲಿ ಇವಕ್ಕೆಲ್ಲ ಬೇರೆ ಬೇರೆ ಪದವಿತ್ತು. ಅಳಿಲಿನದು ಡಾರ್ಟ್. ಹಲ್ಲಿಯ ನಾಲಿಗೆಯದು ಫ್ಲಿಕ್. ಬೆಕ್ಕಿನ ಕಿವಿಯದು ಟ್ವಿಚ್. ನಿದ್ದೆಯಿಂದ ಎದ್ದದ್ದು ಸ್ಟಾರ್ಟ್. ಹಿಂದೆ ಸರಿದದ್ದು ಫ್ಲಿಂಚ್. ಚಿಟ್ಟೆಯದು ಫ್ಲಿಟ್. ಆರು ತರದ ಚಲನೆಗೆ ನಾನು ಒಂದೇ ಮುದ್ರೆ ಒತ್ತಿ ಕಳಿಸಿದ್ದೆ. ಬೇಜಾರಾಯಿತು. ಓದುವವರು ಆರೇಳು ವರ್ಷದ ಮಕ್ಕಳು. ಅವರಿಗೆ ಇಂಥದ್ದೆಲ್ಲ ನಮಗಿಂತ ಚೆನ್ನಾಗಿ ಕಾಣುತ್ತೆ.

ಮೇಜಿನ ಮೇಲೆ ರೋಜೆಯ ಪದಕೋಶ ಇತ್ತು, ತೆರೆದೆ. ಪೀಟರ್ ಮಾರ್ಕ್ ರೋಜೆ ವೃತ್ತಿಯಿಂದ ವೈದ್ಯ. 1805ರಲ್ಲಿ ತನ್ನ ಉಪಯೋಗಕ್ಕೆಂದು ಪದಗಳ ಪಟ್ಟಿ ಮಾಡಲು ಶುರುಮಾಡಿ, ಅದನ್ನು ಪುಸ್ತಕವಾಗಿ ಹೊರತಂದದ್ದು 1852ರಲ್ಲಿ, ಎಪ್ಪತ್ತು ದಾಟಿದ ಮೇಲೆ. ಇಂಗ್ಲಿಷಿನ ಪದಗಳನ್ನೆಲ್ಲ ಅರ್ಥದ ಪ್ರಕಾರ ಸಾವಿರ ಗುಂಪು ಮಾಡಿ ಜೋಡಿಸಿದ. ಅದರಲ್ಲಿ 315ನೆಯ ಗುಂಪು ಕ್ರಮವಿಲ್ಲದ ಅಲುಗಾಟದ್ದು. ಜರ್ಕ್, ಜೋಲ್ಟ್, ಜಾರ್, ಶಾಕ್, ಕ್ವಿವರ್, ಫ್ಲಟರ್, ಫ್ಲಿಕರ್ ಎಲ್ಲ ಅಲ್ಲೇ ಒತ್ತೊತ್ತಾಗಿ ಕೂತಿವೆ. ಈ ಮನುಷ್ಯನಿಗೆ ಚಲನೆಯ ಮೇಲೆ ಒಂದು ಕಣ್ಣಿತ್ತು ಅಂತ ನನಗೆ ಅನಿಸುವುದಕ್ಕೆ ಇನ್ನೊಂದು ಕಾರಣವಿದೆ. 1824ರಲ್ಲಿ ಆತ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಲೇಖನ ಕೊಟ್ಟಿದ್ದ. ಸಾಲಾಗಿ ನಿಂತ ಸೀಳುಗಳ ನಡುವಿನಿಂದ ನೋಡಿದರೆ ಓಡುವ ಗಾಡಿಯ ಚಕ್ರದ ಅರಗಳು ಬಾಗಿದಂತೆ ಯಾಕೆ ಕಾಣುತ್ತವೆ ಅನ್ನುವುದು ಅದರ ವಿಷಯ. ಗಾಡಿ ಹೋಗುವುದನ್ನು ಅಷ್ಟು ಹೊತ್ತು ನಿಂತು ನೋಡಿದವನಿಗೆ ಜೋಲ್ಟ್‌ಗೂ ಜರ್ಕ್‌ಗೂ ಇರುವ ವ್ಯತ್ಯಾಸ ಗೊತ್ತಿರಲೇಬೇಕು.

ಆದರೆ ನನ್ನ ಕಷ್ಟ ಕನ್ನಡದ ಕಡೆಯದು. ನಿಘಂಟು ತೆರೆದರೆ ಥಟ್ಟನೆ ಎಳೆ, ಥಟ್ಟನೆ ಚಲಿಸು, ಸೆಳೆತ, ಎಳೆತ, ಅದುರು ಇವೇ ಸುತ್ತಿ ಸುತ್ತಿ ಬರುತ್ತಿದ್ದವು. ಕನ್ನಡದಲ್ಲಿ ಈ ಪದಗಳೇ ಇಲ್ಲವೇನೋ ಅನ್ನುವ ಅನುಮಾನ ಆವತ್ತು ನನಗೂ ಬಂತು. ಸಂಜೆ ಅಡುಗೆಮನೆಯಲ್ಲಿ ಕೂತು ಕತೆಯನ್ನು ಮತ್ತೆ ಜೋರಾಗಿ ಓದುತ್ತಿದ್ದೆ. ಅವ್ವ ಪಕ್ಕದಲ್ಲಿ ಸೊಪ್ಪು ಸೋಸುತ್ತಿದ್ದಳು.

"ಅದೇನವ್ವ ಎಲ್ಲಾನೂ ಥಟ್ಟನೆ ಥಟ್ಟನೆ ಅಂತೀಯ? ಅಳಿಲು ಎಲ್ಲಾರ ಥಟ್ಟನೆ ಓಡ್ತದಾ? ಸರಕ್ ಅಂತ ಓಡ್ತದೆ."

"ನಾಲಿಗೆ?"

"ಪುಳಕ್ ಅಂತ ಈಚೆಗ್ ಬತ್ತದೆ, ಪುಳಕ್ ಅಂತ ಒಳಕ್ಕೋಯ್ತದೆ."

ನಾನು ಪೆನ್ನು ತರಲು ಎದ್ದೆ.

ಅವ್ವನ ಊರು ಪಾಂಡವಪುರದ ಕಡೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಸೀಮೆ. ಅರವತ್ತು ವರ್ಷ ಕಬ್ಬು, ಭತ್ತ, ದನಕರುಗಳ ನಡುವೆ ಇದ್ದು, ಅಪ್ಪ ಹೋದ ಮೇಲೆ ಮೈಸೂರಿಗೆ ನಮ್ಮ ಜೊತೆ ಬಂದಳು. ಓದಿದ್ದು ನಾಲ್ಕನೇ ಕ್ಲಾಸು. ನಾನು ದಿನವಿಡೀ ಪದಗಳ ಜೊತೆಯೇ ಇರುವವಳು. ಆದರೂ ಆ ಸಂಜೆ ನನ್ನ ಹತ್ತಿರ ಒಂದು ಪದವಿದ್ದ ಕಡೆ ಅವಳ ಹತ್ತಿರ ಏಳೆಂಟು ಇದ್ದವು.

ನಾನು ಹುಡುಕುತ್ತಿದ್ದದ್ದು ತಪ್ಪು ಜಾಗದಲ್ಲಿ. ಚಲನೆ ಹೇಗಿತ್ತು ಅನ್ನುವುದನ್ನು ಇಂಗ್ಲಿಷ್ ಕ್ರಿಯಾಪದದ ಹೊಟ್ಟೆಯೊಳಗೇ ಇಡುತ್ತದೆ. ಡಾರ್ಟ್ ಅಂದರೆ ಓಡುವುದೂ ಅದರೊಳಗಿದೆ, ಓಡಿದ ರೀತಿಯೂ ಅದರೊಳಗಿದೆ. ಕನ್ನಡ ಕ್ರಿಯಾಪದವನ್ನು ಸಾದಾ ಬಿಟ್ಟು, ರೀತಿಯನ್ನು ಅದರ ಮುಂದೆ ತಂದು ನಿಲ್ಲಿಸುತ್ತದೆ. ಸರಕ್ ಅಂತ ಓಡಿತು. ಪುಳಕ್ ಅಂತ ಬಂತು. ಗಬಕ್ ಅಂತ ಹಿಡಿಯಿತು. ಓಡು, ಬರು, ಹಿಡಿ ಅನ್ನುವವು ಮೂರು ವರ್ಷದ ಮಗುವಿಗೂ ಗೊತ್ತಿರುವ ಕ್ರಿಯಾಪದಗಳು. ಕುಸುರಿಯೆಲ್ಲ ಮುಂದಿನ ಆ ಒಂದು ಪದದಲ್ಲಿದೆ. ಇಂಗ್ಲಿಷಿನಿಂದ ತರುವವರು ಕ್ರಿಯಾಪದಕ್ಕೆ ಕ್ರಿಯಾಪದವನ್ನೇ ಹುಡುಕಿದರೆ ಕೈಗೆ ಸಿಗುವುದು ಸಾದಾದ್ದು ಮಾತ್ರ. ಆಗ ಗಾಬರಿಯಾಗಿ ಅದರ ಮುಂದೆ ಒಂದು ಥಟ್ಟನೆ ಅಂಟಿಸಿ ಮುಂದಕ್ಕೆ ಹೋಗುತ್ತೇವೆ.

ಸ್ಕೂಲಿನಲ್ಲಿ ಇವನ್ನು ಅನುಕರಣಾವ್ಯಯ ಅಂತ ಓದಿದ್ದೆವು. ಪಟಪಟ, ಧಗಧಗ, ಚಟಚಟ. ಎರಡು ಮಾರ್ಕಿನ ಪ್ರಶ್ನೆ. ಕೇಶಿರಾಜ 13ನೇ ಶತಮಾನದಲ್ಲೇ ಶಬ್ದಮಣಿದರ್ಪಣದಲ್ಲಿ ಅವ್ಯಯಗಳಿಗೆ ಒಂದು ಪ್ರಕರಣ ಕೊಟ್ಟ. ಕಿಟ್ಟೆಲ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತನ್ನ ದೊಡ್ಡ ನಿಘಂಟಿನಲ್ಲಿ ಇಂಥ ಪದಗಳನ್ನು ಕೈಬಿಡದೆ ಸೇರಿಸಿಕೊಂಡ. ಅಮೆರಿಕದ ಭಾಷಾವಿಜ್ಞಾನಿ ಎಂ.ಬಿ. ಎಮಿನೋ 1969ರಲ್ಲಿ ಈ ಜಾತಿಯ ಪದಗಳ ಮೇಲೇ ಒಂದು ಲೇಖನ ಬರೆದು, ಬೇರೆ ಬೇರೆ ಕುಟುಂಬದ ಭಾರತೀಯ ಭಾಷೆಗಳಲ್ಲಿ ಇವು ಹೇಗೆ ಒಂದನ್ನೊಂದು ಹೋಲುತ್ತವೆ ಅಂತ ತೋರಿಸಿದರು. ಹಾಗಾಗಿ ವಿದ್ವಾಂಸರು ಇವನ್ನು ಮರೆತಿಲ್ಲ. ಮರೆತಿರುವುದು ಬರೆಯಲು ಕೂರುವ ನಮ್ಮಂಥವರು. ಬರವಣಿಗೆಗೆ ಇವು ಹಗುರ, ಹಳ್ಳಿಯ ಮಾತು, ಮಕ್ಕಳ ಮಾತು ಅನ್ನುವ ಒಂದು ಭಾವನೆ ಒಳಗೆಲ್ಲೋ ಇದೆ. ನನಗೂ ಇತ್ತು. ಥಟ್ಟನೆ ಮಾತ್ರ ಹೇಗೋ ಮರ್ಯಾದಸ್ಥರ ಸಾಲಿಗೆ ಸೇರಿಕೊಂಡಿತ್ತು, ಅದಕ್ಕೇ ಹನ್ನೊಂದು ಸಲ ಬಂತು.

ಅನುಕರಣ ಅನ್ನುವ ಹೆಸರೂ ಪೂರ್ತಿ ಸರಿಯಲ್ಲ ಅಂತ ನನಗೆ ಅನಿಸುತ್ತೆ. ಸದ್ದನ್ನು ಅನುಕರಿಸುವುದು ಅಂತ ಅದರ ಅರ್ಥ. ಆದರೆ ಮಗು ಪಿಳಿಪಿಳಿ ಅಂತ ಕಣ್ಣು ಬಿಡುವಾಗ ಸದ್ದೆಲ್ಲಿದೆ? ದೀಪ ಮಿಣಮಿಣ ಅನ್ನುವಾಗ? ಮೈ ಜುಮ್ ಅನ್ನುವಾಗ? ಸದ್ದೇ ಇಲ್ಲದ ಚಲನೆಗೂ ನಾವು ಒಂದು ಮಾತು ಕೊಟ್ಟು, ಅದು ಹಾಗೆ "ಅಂತು" ಅನ್ನುತ್ತೇವೆ. ರೆಪ್ಪೆ ಪಿಳಿಪಿಳಿ ಅನ್ನುತ್ತೆ, ಕಾಲು ಜೋಮು ಹಿಡಿದು ಜುಮುಜುಮು ಅನ್ನುತ್ತೆ. ದಿನಾ ಬಳಸುವ ಮಾತಾದ್ದರಿಂದ ಇದು ಎಷ್ಟು ಚೆಂದದ ಏರ್ಪಾಡು ಅಂತ ನಮಗೆ ಹೊಳೆಯುವುದೇ ಇಲ್ಲ, ಅಲ್ವಾ?

ಆ ವಾರವೆಲ್ಲ ನಾನು ಅವ್ವನ ಪದಗಳನ್ನು ಬರೆದುಕೊಂಡೆ. ನಾಲ್ಕನೇ ದಿನ ಅವುಗಳೊಳಗಿನ ಲೆಕ್ಕ ಕಣ್ಣಿಗೆ ಬಿತ್ತು. ಸರ ಅನ್ನುವುದನ್ನೇ ತೆಗೆದುಕೊಳ್ಳಿ. ಅಳಿಲು ಸರಕ್ ಅಂತ ಮರ ಹತ್ತಿತು. ಹಾವು ಸರ್ರನೆ ಹೋಯಿತು. ಹುಡುಗಿ ಸರಸರ ನಡೆದಳು. ಮೂರೂ ಬೇಗದ ಚಲನೆಯೇ. ಆದರೆ ಕೊನೆಗೆ 'ಕ್' ಬಂದರೆ ಚಲನೆ ಒಂದೇ ಸಲಕ್ಕೆ ನಡೆದು ಕತ್ತರಿಸಿದ ಹಾಗೆ ನಿಂತಿತು. 'ರ್ರ್' ಬಂದರೆ ಎಲ್ಲೂ ತಡೆಯದೆ ಉದ್ದಕ್ಕೆ ಹರಿಯಿತು. ಪದವೇ ಎರಡು ಸಲ ಬಂದರೆ ಚಲನೆಯೂ ಮತ್ತೆ ಮತ್ತೆ ಬಂತು, ಹೆಜ್ಜೆಯ ಮೇಲೆ ಹೆಜ್ಜೆ. ಗಟಕ್ಕನೆ ಕುಡಿದ ಅಂದರೆ ಒಂದೇ ಗುಟುಕು, ಗಟಗಟ ಕುಡಿದ ಅಂದರೆ ಚೊಂಬು ಖಾಲಿ. ಬಾಗಿಲು ದಡಕ್ ಅಂದರೆ ಒಂದು ಸಲ ಬಡಿಯಿತು, ದಡದಡ ಅಂದರೆ ಯಾರೋ ಬಿಡದೆ ಬಡಿಯುತ್ತಿದ್ದಾರೆ. ಬಾಯಲ್ಲಿ ಹೇಳಿ ನೋಡಿ. 'ಕ್' ಅನ್ನುವಾಗ ಗಂಟಲು ಮುಚ್ಚಿಕೊಳ್ಳುತ್ತೆ, ಉಸಿರೂ ಅಲ್ಲಿಗೇ ನಿಲ್ಲುತ್ತೆ.

ಇಂಗ್ಲಿಷಿಗೂ ಇಂಥದ್ದೊಂದು ಚೂರು ಇದೆ. ಅದು ಪದವನ್ನು ಎರಡು ಸಲ ಹೇಳುವ ಬದಲು ಬಾಲ ಅಂಟಿಸುತ್ತದೆ. ವ್ಯಾಗ್ ಅಂದರೆ ಬಾಲವೋ ಬೆರಳೋ ಆಡಿಸುವುದು, ವ್ಯಾಗಲ್ ಅಂದರೆ ಅದನ್ನೇ ಸಣ್ಣದಾಗಿ, ಪದೇ ಪದೇ. ಜಾಗ್‌ಗೆ ಜಾಗಲ್, ಸ್ಪಾರ್ಕ್‌ಗೆ ಸ್ಪಾರ್ಕಲ್, ಪ್ಯಾಟ್‌ಗೆ ಪ್ಯಾಟರ್. ಆದರೆ ಈಗ ಹೊಸ ಪದಕ್ಕೆ ಆ ಬಾಲವನ್ನು ಯಾರೂ ಅಂಟಿಸುವುದಿಲ್ಲ, ಹಳೆಯ ಪದಗಳಲ್ಲಿ ಅದು ಒಣಗಿ ಕೂತಿದೆ. ಶುರುವಿನ ಸದ್ದಿಗೂ ಅಲ್ಲಿ ಒಂದು ಕೆಲಸವಿದೆ. ಫ್ಲಿಕ್, ಫ್ಲಿಟ್, ಫ್ಲಿಪ್, ಫ್ಲಾಪ್, ಫ್ಲಟರ್ ಎಲ್ಲದರಲ್ಲೂ ಆ 'ಫ್ಲ' ಹಗುರವಾಗಿ ಹಾರುತ್ತೆ. ಜರ್ಕ್, ಜೋಲ್ಟ್, ಜ್ಯಾಬ್‌ಗಳಲ್ಲಿ ಆ 'ಜ' ತಿವಿಯುತ್ತೆ. ಒಂದೇ ಅರ್ಥದ ವಾಸನೆ ಹೊತ್ತ ಇಂಥ ಸದ್ದುಗಳಿಗೆ ಜೆ.ಆರ್. ಫರ್ತ್ ಅನ್ನುವ ಭಾಷಾವಿಜ್ಞಾನಿ 1930ರಲ್ಲಿ ಫೋನೆಸ್ತೀಮ್ ಅಂತ ಹೆಸರು ಕೊಟ್ಟರು.

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು, ಮಕ್ಕಳ ಕತೆ ತಾನೆ ಅಂತ ಅನಿಸಬಹುದು. ನಾನು ಇದನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವುದಕ್ಕೆ ಕಾರಣ ಬೇರೆ. ಅದು ಎರಡು ವರ್ಷದ ಹಿಂದಿನದು.

ಆಗ ಅವ್ವನ ಬಲಗೈಯಲ್ಲಿ ಏನೋ ತೊಂದರೆ ಶುರುವಾಗಿತ್ತು. ಕಾಫಿ ಲೋಟ ಕೈಯಿಂದ ಬೀಳುತ್ತಿತ್ತು. ಒಂದು ಸಲ ಬಿಸಿ ಸಾರಿನ ಬಟ್ಟಲು ಬಿದ್ದು ಪಾದ ಸುಟ್ಟಿತು. ಮೈಸೂರಿನಲ್ಲೇ ಒಬ್ಬ ನರರೋಗ ತಜ್ಞರ ಹತ್ತಿರ ಕರೆದುಕೊಂಡು ಹೋದೆ. ಅವರು ಬೇರೆ ರಾಜ್ಯದವರು, ಕನ್ನಡ ಅಷ್ಟಕ್ಕಷ್ಟೇ. ಮಾತು ದಾಟಿಸುವ ಕೆಲಸ ನನ್ನದು. ಅವರು ಇಂಗ್ಲಿಷಿನಲ್ಲಿ ಕೇಳಿದರು, ಕೈಗೆ ಏನಾಗುತ್ತದೆ?

ಅವ್ವ ನನ್ನ ಮುಖ ನೋಡಿಕೊಂಡು ಹೇಳಿದಳು. "ಲೋಟ ಹಿಡ್ಕೊಂಡಿರ್ತೀನಿ ಕಣವ್ವ. ತಟಕ್ ಅಂತ ಎಗರ್ಬುಡ್ತದೆ. ಆಮ್ಯಾಕೆ ಏನೂ ಇಲ್ಲ, ಸುಮ್ಕಿರ್ತದೆ."

ನಾನು ಡಾಕ್ಟರಿಗೆ ಹೇಳಿದ್ದು ಒಂದೇ ಪದ. ಟ್ರೆಮರ್. ಅಂದರೆ ನಡುಕ.

ಯಾಕೆ ಹಾಗೆ ಹೇಳಿದೆ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ವಯಸ್ಸಾದವರ ಕೈ, ಲೋಟ ಬೀಳುವುದು, ಇವೆರಡು ಸೇರಿದ ಕೂಡಲೇ ನನ್ನ ತಲೆಯಲ್ಲಿ ನಡುಕ ಅನ್ನುವ ಪದ ಸಿದ್ಧವಾಗಿ ನಿಂತಿತ್ತು. ತಟಕ್ ಅನ್ನುವುದು ನನಗೆ ಅರ್ಥವೇನೋ ಆಯಿತು, ಆದರೆ ಅದರೊಳಗೆ ದಾಟಿಸುವಂಥ ವಿಷಯವಿದೆ ಅಂತ ಅನಿಸಲಿಲ್ಲ. ಹಳ್ಳಿಯವರ ಮಾತಿನ ಒಗ್ಗರಣೆ ಅಂತ ಅದನ್ನು ಸೋಸಿ ಚೆಲ್ಲಿಬಿಟ್ಟೆ.

ಡಾಕ್ಟರು ಬರೆದುಕೊಳ್ಳಲು ಹೋಗಿ ನಿಲ್ಲಿಸಿದರು. ಅವರು ನನ್ನ ಮಾತಿಗಿಂತ ಅವ್ವನ ಕೈಯನ್ನು ಗಮನಿಸಿದ್ದರು. ತಟಕ್ ಅನ್ನುವಾಗ ಅವ್ವ ಬೆರಳುಗಳನ್ನು ಒಂದು ಸಲ ಮೇಲಕ್ಕೆ ಚಿಮ್ಮಿಸಿ ತೋರಿಸಿದ್ದಳು. ಒಂದೇ ಸಲ. "ಇನ್ನೊಂದು ಸಲ ತೋರಿಸಿ ಅಮ್ಮ" ಅಂದರು ತಮ್ಮ ಅರೆಬರೆ ಕನ್ನಡದಲ್ಲಿ. ಅವ್ವ ಮತ್ತೆ ತೋರಿಸಿದಳು, ಮತ್ತೆ ಅದೇ ಪದ ಹೇಳಿದಳು. "ತಟಕ್. ಅಷ್ಟೇಯ. ಗಡಗಡ ಅನ್ನಾಕಿಲ್ಲ." ಅವರು ಅವ್ವನ ಎರಡೂ ಕೈಯನ್ನು ಮುಂದೆ ಚಾಚಿಸಿ, ಅಂಗೈ ಮೇಲಕ್ಕೆತ್ತಿ, ಯಾರನ್ನೋ ತಡೆಯುವ ಹಾಗೆ ಹಿಡಿದುಕೊಳ್ಳಲು ಹೇಳಿ, ಸುಮಾರು ಅರ್ಧ ನಿಮಿಷ ಮಾತಾಡದೆ ನೋಡಿದರು. ನಾನೂ ನೋಡಿದೆ. ಕೈ ಅಲುಗದೆ ನಿಂತಿತ್ತು. ಆಮೇಲೆ ಬಲಗೈ ಒಂದು ಸಲ ಸಡಿಲ ಬಿಟ್ಟ ಹಾಗೆ ಕೆಳಗೆ ಬಿದ್ದು ಮತ್ತೆ ಮೇಲಕ್ಕೆದ್ದಿತು. ಕಣ್ಣು ಮಿಟುಕಿಸಿದ್ದರೆ ಕಾಣುತ್ತಲೇ ಇರಲಿಲ್ಲ.

"ಇದು ಟ್ರೆಮರ್ ಅಲ್ಲ" ಅಂದರು ಡಾಕ್ಟರು. ಗದರಲಿಲ್ಲ. ಒಂದು ಹಾಳೆ ತೆಗೆದು ನನಗೆ ಬಿಡಿಸಿ ಹೇಳಿದರು. ಟ್ರೆಮರ್ ಅಂದರೆ ತಾಳವಿರುವ ನಡುಕ, ಆ ಕಡೆ ಈ ಕಡೆ ಒಂದೇ ಲಯದಲ್ಲಿ. ಮಯೋಕ್ಲೋನಸ್ ಅಂದರೆ ಸ್ನಾಯು ಮಿಂಚಿನ ಹಾಗೆ ಒಂದು ಸಲ ಎಗರುವುದು, ಇಲ್ಲವೇ ಬಿಗಿ ಕಳೆದುಕೊಂಡು ಕ್ಷಣ ಹೊತ್ತು ಬೀಳುವುದು. ನಮಗೆ ಬರುವ ಬಿಕ್ಕಳಿಕೆಯೂ ಅದೇ ಜಾತಿಯದು. ಚರ್ಮದ ಕೆಳಗೆ ಸ್ನಾಯು ಸಣ್ಣಗೆ ಮಿಸುಕುವುದು ಇನ್ನೊಂದು. ಕೊರಿಯಾ ಅಂತ ಮತ್ತೊಂದಿದೆ, ಗ್ರೀಕಿನಲ್ಲಿ ಅದಕ್ಕೆ ಕುಣಿತ ಅಂತ ಅರ್ಥ, ಚಲನೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಲೆಕ್ಕವಿಲ್ಲದೆ ಹರಿಯುತ್ತಿರುತ್ತದೆ. ಟಿಕ್ ಬರುವವರಿಗೆ ಮೊದಲು ಒಳಗೊಂದು ಒತ್ತಡ ಬರುತ್ತದೆ, ಸ್ವಲ್ಪ ಹೊತ್ತು ತಡೆಹಿಡಿಯಲೂಬಹುದು. ಒಂದೊಂದಕ್ಕೂ ಕಾರಣ ಬೇರೆ, ಔಷಧಿ ಬೇರೆ.

ಅವ್ವ ಬೆನ್ನುನೋವಿನಿಂದ ಕಾಲಿಗಿಳಿಯುವ ನರದ ನೋವಿಗೆ ಕೆಲವು ತಿಂಗಳಿಂದ ಒಂದು ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಆ ಬಗೆಯ ಮಾತ್ರೆಯಿಂದ ಕೆಲವರಿಗೆ ಹೀಗಾಗುತ್ತದಂತೆ, ಮೂತ್ರಪಿಂಡ ಸ್ವಲ್ಪ ನಿಧಾನವಾಗಿರುವ ವಯಸ್ಸಾದವರಿಗೆ ಜಾಸ್ತಿ. ರಕ್ತಪರೀಕ್ಷೆ ಮಾಡಿಸಿದರು. ಮಾತ್ರೆಯನ್ನು ಹಂತಹಂತವಾಗಿ ಇಳಿಸಿದರು. ಮೂರು ವಾರ ಕಳೆಯುವಷ್ಟರಲ್ಲಿ ಲೋಟ ಬೀಳುವುದು ನಿಂತಿತು.

ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ನಡುಕದ ಕಾಯಿಲೆಯ ಬಗ್ಗೆ ಬರೆದಾಗ ಅವನ ಮುಂದಿದ್ದದ್ದು ಆರೇ ಜನ. ಅವರಲ್ಲಿ ಕೆಲವರನ್ನು ಬೀದಿಯಲ್ಲಿ ನಡೆಯುವಾಗ ಕಂಡದ್ದು ಮಾತ್ರ. ಯಂತ್ರ ಇಲ್ಲ, ಸ್ಕ್ಯಾನ್ ಇಲ್ಲ. ಕಣ್ಣಿಗೆ ಕಂಡ ಚಲನೆಗೆ ಸರಿಯಾದ ಪದ ಹುಡುಕಿದ, ಅಷ್ಟೇ. ಆಸ್ಪತ್ರೆಯಿಂದ ಆಟೋದಲ್ಲಿ ಬರುವಾಗ ನನಗೆ ಒಂದೇ ಯೋಚನೆ. ತಾಳವಿದೆಯೋ ಇಲ್ಲವೋ, ಒಂದು ಸಲವೋ ಹಲವು ಸಲವೋ ಅನ್ನುವುದೇ ಡಾಕ್ಟರಿಗೆ ಬೇಕಾಗಿದ್ದ ಉತ್ತರ. ಅವ್ವ ಅದನ್ನು ಮೊದಲ ವಾಕ್ಯದಲ್ಲೇ ಹೇಳಿದ್ದಳು. ತಟಕ್. ಗಡಗಡ ಅಲ್ಲ. ಅಷ್ಟೊಂದು ಖಚಿತವಾದ ಮಾತು ನನ್ನ ಕೈಯಲ್ಲಿ ಹಾಳಾಯಿತು.

ಇದಾದ ಮೇಲೂ ಹನ್ನೊಂದು ಸಲ ಥಟ್ಟನೆ ಬರೆದೆ ನೋಡಿ. ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಕ್ರಿಯಾಪದದಲ್ಲಿ ಕನ್ನಡ ಬಡವಾಗಿದೆ ಅಂತ ನಾನು ಹೇಳುತ್ತಿಲ್ಲ. ಕೈಯ ಕೆಲಸ ಇದ್ದ ಕಡೆ ಕ್ರಿಯಾಪದಗಳೇ ದಂಡಿಯಾಗಿವೆ. ಹಗ್ಗದ ವಿಷಯ ತೆಗೆಯಿರಿ. ಎಳೆಯುವುದು ಒಂದು, ಜಗ್ಗುವುದು ಇನ್ನೊಂದು, ಸೆಳೆಯುವುದು ಬೇರೆ, ಕೊಸರುವುದು ಬೇರೆ. ಹಗ್ಗದ ಈ ತುದಿಯಲ್ಲಿ ಅವ್ವ ಜಗ್ಗುತ್ತಾಳೆ, ಆ ತುದಿಯಲ್ಲಿ ಕರು ಕೊಸರುತ್ತದೆ. ಇಂಗ್ಲಿಷಿನ ಟಗ್, ಯ್ಯಾಂಕ್, ಜರ್ಕ್‌ಗಳಲ್ಲಿ ಕೊಸರುವುದಕ್ಕೆ ಸಮ ಯಾವುದೂ ನನಗೆ ಸಿಕ್ಕಿಲ್ಲ. ಹಿಡಿತದಿಂದ ಬಿಡಿಸಿಕೊಳ್ಳುವ ಹಟ ಆ ಒಂದು ಪದದಲ್ಲಿದೆ.

ಮೊರ ಹಿಡಿದಾಗಂತೂ ನೋಡಲೇಬೇಕು. ಅವ್ವ ಈಗಲೂ ಅಂಗಡಿಯ ಅಕ್ಕಿಯನ್ನು ಹಾಗೇ ಬಳಸುವುದಿಲ್ಲ. ಮೊರಕ್ಕೆ ಎರಡು ಪಾವು ಸುರಿದು ಕಾಲು ಚಾಚಿ ಕೂರುತ್ತಾಳೆ. ಮೊದಲು ಕೇರುತ್ತಾಳೆ, ಮೊರದ ಮುಂದಿನ ತುದಿ ಮೇಲಕ್ಕೆ ಚಿಮ್ಮಿ, ಅಕ್ಕಿ ಗಾಳಿಯಲ್ಲಿ ಎದ್ದು, ಬೀಳುವಷ್ಟರಲ್ಲಿ ಮೊರ ಒಂದು ಗೇಣು ಹಿಂದೆ ಬಂದು ಅದನ್ನು ಹಿಡಿಯುತ್ತದೆ. ಹೊಟ್ಟು ಮಾತ್ರ ಹಿಂದೆ ಉಳಿದು ಹಾರುತ್ತದೆ. ಆಮೇಲೆ ಒನೆಯುತ್ತಾಳೆ, ಈಗ ಮೊರ ಮೇಲೇಳುವುದಿಲ್ಲ, ಅಡ್ಡಡ್ಡ ಕುಲುಕುತ್ತದೆ, ನುಚ್ಚು ಒಂದು ಕಡೆ ಜಾರಿ ಗುಡ್ಡೆಯಾಗುತ್ತದೆ. ಕೊನೆಗೆ ಪಾತ್ರೆಯಲ್ಲಿ ನೀರು ಹಾಕಿ ಜಾಲಿಸುತ್ತಾಳೆ, ಕಲ್ಲು ತಳದಲ್ಲಿ ನಿಲ್ಲುತ್ತದೆ. ಮೂರು ತರದ ಕೈಚಳಕ, ಮೂರು ಕ್ರಿಯಾಪದ. ಇಲ್ಲಿ ಸರಕ್, ಪುಳಕ್ ಯಾವುದೂ ಬೇಕಿಲ್ಲ.

ಮೈಸೂರಿಂದ ಊರಿಗೆ ಹೋಗುವ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿದರೆ ಅವ್ವ "ಎತ್ತಿ ಕುಕ್ತದೆ" ಅನ್ನುತ್ತಾಳೆ. ಇಂಗ್ಲಿಷಿನ ಜೋಲ್ಟ್‌ಗೆ ಇದಕ್ಕಿಂತ ಒಳ್ಳೆಯ ಕನ್ನಡ ನನಗೆ ಬೇಡ. ಡ್ರೈವರ್ ಗಕ್ ಅಂತ ಬ್ರೇಕ್ ಹಾಕಿದರೆ ನಿಂತವರೆಲ್ಲ ಮುಗ್ಗರಿಸುತ್ತಾರೆ, ತಿರುವಿನಲ್ಲಿ ಬಸ್ಸು ಜೋಲಿ ಹೊಡೆಯುತ್ತದೆ, ಅದು ಲರ್ಚ್. ಇನ್ನು ಜರ್ಕ್ ಅನ್ನುವುದು ಭೌತಶಾಸ್ತ್ರದಲ್ಲಿ ಒಂದು ಅಳತೆಯೇ ಆಗಿದೆ. ವೇಗ ಬದಲಾಗುವ ದರಕ್ಕೆ ವೇಗೋತ್ಕರ್ಷ ಅನ್ನುತ್ತಾರಲ್ಲ, ಆ ವೇಗೋತ್ಕರ್ಷ ಬದಲಾಗುವ ದರವೇ ಜರ್ಕ್. ಬಸ್ಸು ಪೂರ್ತಿ ನಿಂತ ಕ್ಷಣದಲ್ಲಿ ನಾವು ಹಿಂದಕ್ಕೆ ವಾಲುತ್ತೇವಲ್ಲ, ಅದು ಇದರದೇ ಕೆಲಸ. ಅಲ್ಲಿಯವರೆಗೆ ಬ್ರೇಕಿಗೆ ಹೊಂದಿಕೊಂಡು ಮೈ ಬಿಗಿಹಿಡಿದಿರುತ್ತೇವೆ, ಬ್ರೇಕಿನ ಸೆಳೆತ ಒಮ್ಮೆಲೇ ಇಲ್ಲವಾಗುತ್ತದೆ, ಮೈಗೆ ಅದು ಗೊತ್ತಾಗುವುದು ಸ್ವಲ್ಪ ತಡವಾಗಿ. ಒಳ್ಳೆಯ ಡ್ರೈವರು ನಿಲ್ಲುವ ಮುಂಚೆ ಬ್ರೇಕನ್ನು ಒಂಚೂರು ಸಡಿಲ ಬಿಡುವುದು ಇದಕ್ಕೇ.

ಮುದಿ ಬೆಕ್ಕಿನ ಸ್ಟಾರ್ಟ್‌ಗೆ ಪದ ಸಿಕ್ಕಿದ್ದು ಸುಲಭವಾಗಿ, ಬೆಚ್ಚಿಬಿತ್ತು. ಎಳೆಮಗು ನಿದ್ದೆಯಲ್ಲಿ ಎರಡೂ ಕೈ ಚಾಚಿ ಬೆಚ್ಚುತ್ತದಲ್ಲ, ಅದನ್ನು ಜರ್ಮನಿಯಲ್ಲಿದ್ದ ಡಾಕ್ಟರ್ ಅರ್ನ್ಸ್ಟ್ ಮೋರೊ 1918ರಲ್ಲಿ ಬರೆದಿಟ್ಟರು. ಈಗಲೂ ಅದು ಅವರ ಹೆಸರಿನಲ್ಲೇ ಇದೆ. ನಾಲ್ಕೈದು ತಿಂಗಳಿಗೆ ತಾನಾಗಿ ಹೋಗುತ್ತದೆ. ನನ್ನ ಮಗಳು ಹಾಗೆ ಬೆಚ್ಚುತ್ತಿದ್ದಾಗ ಅವ್ವ ಹಾಸಿಗೆಯ ಕೆಳಗೆ ಕಬ್ಬಿಣದ ಚೂರು ಇಟ್ಟಿದ್ದಳು. ಇಂಗ್ಲಿಷಿನ ಸ್ಟಾರ್ಟ್‌ಗೂ ಮೊದಲಿದ್ದ ಅರ್ಥ ನೆಗೆಯುವುದು, ಬೆಚ್ಚುವುದು. ಶುರುಮಾಡು ಅನ್ನುವ ಅರ್ಥ ಆಮೇಲೆ ಬಂದದ್ದು. ನಮ್ಮ ಬೆಚ್ಚು ಹಳಗನ್ನಡದಲ್ಲಿ ಬೆರ್ಚು ಆಗಿತ್ತು. ಆ 'ರ್' ಮಾತಿನಿಂದ ಯಾವತ್ತೋ ಹೋಯಿತು, ಆದರೆ ಹೊಲದಲ್ಲಿ ಮಾತ್ರ ಉಳಿಯಿತು. ಹಳೇ ಅಂಗಿ ಹಾಕಿ, ಮಡಕೆಯ ತಲೆ ಇಟ್ಟು, ಹಕ್ಕಿಗಳನ್ನು ಬೆಚ್ಚಿಸಲು ನಿಲ್ಲಿಸುತ್ತೇವಲ್ಲ, ಅವನು ನಮ್ಮ ಕಡೆ ಇವತ್ತಿಗೂ ಬೆರ್ಚಪ್ಪ.

ಫ್ಲಿಂಚ್‌ಗೆ ಅಳುಕು ಅಂತ ಹಾಕಿದೆ. ಅದರ ಅಕ್ಕಪಕ್ಕದ ವಿನ್ಸ್ ಈ ಕತೆಯಲ್ಲಿ ಇರಲಿಲ್ಲ. ಇದ್ದಿದ್ದರೆ ಮುಖ ಕಿವಿಚುವುದು ಅಂತ ಬರೆಯುತ್ತಿದ್ದೆ. ಸೂಜಿ ಹತ್ತಿರ ಬರುವಾಗ ಅಳುಕುತ್ತೇವೆ, ಚುಚ್ಚಿದಾಗ ಮುಖ ಕಿವಿಚುತ್ತೇವೆ.

ಬೆಕ್ಕಿನ ಕಿವಿಯ ಟ್ವಿಚ್ ಒಂದು ಸಂಜೆಯನ್ನೇ ತಿಂದಿತು. ಅವ್ವ ಹಸುವಿನ ಉದಾಹರಣೆ ಕೊಟ್ಟಳು. ಬೆನ್ನಿನ ಮೇಲೆ ನೊಣ ಕೂತರೆ ಹಸು ಆ ಜಾಗದ ಚರ್ಮವನ್ನಷ್ಟೇ ಅದುರಿಸುತ್ತದೆ, ಮಿಕ್ಕ ಮೈ ಸುಮ್ಮನಿರುತ್ತದೆ. ನಮಗೆ ಕಣ್ಣು ಅದುರುತ್ತೆ ಅನ್ನುತ್ತೇವಲ್ಲ, ಅದೇ. ಅದುರು ಸರಿ. ಆದರೆ ಕಟ್ಟಡವೂ ಅದುರುತ್ತೆ, ತುಟಿಯೂ ಅದುರುತ್ತೆ. ಕಿವಿಯದು ಅಷ್ಟು ಭಾರದ್ದಲ್ಲ ಅನಿಸಿ ಕೊನೆಗೆ "ಕಿವಿ ಚಿಣಕ್ ಅಂತ ಮಿಸುಕಿತು" ಅಂತ ಬರೆದೆ. ಹಲ್ಲಿಯ ಉದುರಿದ ಬಾಲದ ಸಾಲೂ ಒಂದಿತ್ತು, ಅಲ್ಲಿ ಇಂಗ್ಲಿಷ್ ರಿಗಲ್ ಅನ್ನುತ್ತಿತ್ತು. ವಿಲವಿಲ ಅನ್ನುವುದು ನಾಲಿಗೆಯ ತುದಿಗೆ ಬಂತು, ಆದರೆ ಅದರಲ್ಲಿ ಪ್ರಾಣಸಂಕಟ ಇದೆ. ನೀರಿನಿಂದ ತೆಗೆದ ಮೀನು ವಿಲವಿಲ ಒದ್ದಾಡುತ್ತದೆ. ಬಾಲಕ್ಕೆ ಪ್ರಾಣವೂ ಇಲ್ಲ, ಸಂಕಟವೂ ಇಲ್ಲ, ಬೆಕ್ಕಿನ ಕಣ್ಣನ್ನು ಅತ್ತ ಸೆಳೆದು ಹಲ್ಲಿಯನ್ನು ಉಳಿಸುವುದಷ್ಟೇ ಅದರ ಕೆಲಸ. ಮಕ್ಕಳು ಅಳಬಾರದು ಅಂತ ಆ ಪದ ಬಿಟ್ಟೆ. "ಬಾಲ ನುಲಿನುಲಿದು ಕುಣಿಯಿತು" ಅಂದೆ.

ಉಳಿದದ್ದು ಚಿಟ್ಟೆ. ಫ್ಲಿಟ್. ಸರಕ್ ಆಗಲಿಲ್ಲ, ಅದು ಜಾಸ್ತಿ ನೇರ. ಪಟಪಟ ಹಾಕಿದರೆ ರೆಕ್ಕೆಯದಾಯಿತು, ಹೋದ ದಾರಿಯದಾಗಲಿಲ್ಲ. ನಾಲೆ ದಂಡೆಯಲ್ಲಿ ಬಾಲ ಕುಣಿಸುತ್ತ ಓಡುವ ಹಕ್ಕಿಗೆ ಕುಂಡೆಕುಸ್ಕ ಅಂತ ಹೆಸರಿಟ್ಟ ಜನ ಚಿಟ್ಟೆಯ ಈ ಹಾರಾಟಕ್ಕೆ ಏನೂ ಹೇಳಿಲ್ಲವೇ ಅಂತ ಎರಡು ದಿನ ತಡಕಾಡಿದೆ.

ಮೂರನೇ ದಿನ ಬೆಳಗ್ಗೆ ಮಳೆ ಬಿಟ್ಟಿತ್ತು. ಅವ್ವ ಹಿತ್ತಲ ಬಾಗಿಲಲ್ಲಿ ಎರಡೂ ಕೈಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದಳು. ಕೈ ಅಲುಗುತ್ತಿರಲಿಲ್ಲ. ಕರಿಬೇವಿನ ಗಿಡದ ಸುತ್ತ ಒಂದು ಹಳದಿ ಚಿಟ್ಟೆ ಸುತ್ತುತ್ತಿತ್ತು.

"ಅವ್ವ, ಅದು ಹೋಗೋದಕ್ಕೆ ಏನಂತೀಯ?"

ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಲೋಟ ಕೆಳಗಿಟ್ಟು ಬೆರಳಲ್ಲಿ ಗಾಳಿಯಲ್ಲಿ ತೋರಿಸಿದಳು, ಒಂದು ಕಡೆ ಮುಟ್ಟಿ, ಬಿಟ್ಟು, ಇನ್ನೊಂದು ಕಡೆ ಮುಟ್ಟಿ.

"ಅದೆಲ್ಲಿ ನೆಟ್ಗೆ ಓಯ್ತದೆ ಕಣವ್ವ. ಇಲ್ಲೊಂದ್ ಚೂರು, ಅಲ್ಲೊಂದ್ ಚೂರು."

ಪುಟ ಹದಿನಾಲ್ಕು. "ಚಿಟ್ಟೆ ಇಲ್ಲೊಂದು ಚೂರು ಕೂತು, ಅಲ್ಲೊಂದು ಚೂರು ಕೂತು, ಬೇಲಿ ದಾಟಿತು."